ಗ್ರಾಫ್ ನಾರ್ಮಲ್ ಬಂದಿದೆ, ಮಾತ್ರೆ ಯಾಕೆ?

ಮೆದುಳಿನ ವಿದ್ಯುತ್ ಅಲೆಗಳನ್ನು ಗ್ರಾಫ್ ಆಗಿ ತೆಗೆಯುವ ಇಇಜಿ, ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ, ಇವುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳ ಜೊತೆ ವರದಿಗಳ ಜೆರಾಕ್ಸ್ ಪ್ರತಿಗಳೂ ಬಂದಿವೆ. ಕೆಲವರು ವರದಿಯನ್ನಷ್ಟೇ ಲಕೋಟೆಗೆ ಹಾಕಿ, ಮೇಲೆ "ಇದು ಏನೆಂದು ತಿಳಿಸಿ" ಎಂದು ಬರೆದಿದ್ದಾರೆ. ಅವರಿಗೆ ಈ ಬಾರಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಯಾರಿಗೆ, ಯಾವ ವಯಸ್ಸಿನವರಿಗೆ, ಏನಾಗುತ್ತಿದೆ, ಯಾವಾಗ ಆಗುತ್ತದೆ ಎಂದು ನಾಲ್ಕು ಸಾಲು ಬರೆದು ಮತ್ತೆ ಕಳಿಸಿ. ಖಂಡಿತ ಓದುತ್ತೇನೆ.

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ, ದ್ವಿತೀಯ ಪಿಯುಸಿ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಎಗರಿ ಬೀಳುತ್ತದೆ. ಕಾಫಿ ಲೋಟವನ್ನೂ ಹೀಗೇ ಕೆಡವಿದ್ದಾಳೆ. ಪರೀಕ್ಷೆಗೆಂದು ರಾತ್ರಿಯೆಲ್ಲ ಓದಿದ ಮರುದಿನ ಬೆಳಿಗ್ಗೆ ಬಿದ್ದು, ಕೈಕಾಲು ಸೆಟೆದು ಒದ್ದಾಡಿದಳು. ಇಇಜಿ ನಾರ್ಮಲ್ ಬಂದಿದೆ. ಆದರೂ ಡಾಕ್ಟರು ಮಾತ್ರೆ ಬರೆದಿದ್ದಾರೆ. "ಗ್ರಾಫ್ ಸರಿಯಿದ್ದ ಮೇಲೆ ಮಾತ್ರೆ ಯಾಕೆ? ನಾಳೆ ಮದುವೆಯಾಗಬೇಕಾದ ಹುಡುಗಿ" ಎಂದು ನನ್ನ ನಾದಿನಿ ಗದರುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಅಮ್ಮಾ, ನಿಮ್ಮ ಪತ್ರದಲ್ಲಿ ಇಇಜಿಗಿಂತ ಹೆಚ್ಚು ವಿಷಯ ಹೇಳುವುದು ಆ ಹಲ್ಲುಜ್ಜುವ ಬ್ರಷ್. ಹದಿಹರೆಯದ ಮಗು, ನಿದ್ದೆಯಿಂದ ಎದ್ದ ಒಂದು ಗಂಟೆಯೊಳಗೆ ತೋಳುಗಳು ಫಕ್ಕನೆ ಎಗರುವುದು, ಆಗ ಪ್ರಜ್ಞೆ ತಪ್ಪದಿರುವುದು, ನಿದ್ದೆಗೆಟ್ಟ ಮರುದಿನ ಪೂರ್ತಿ ಫಿಟ್ಸ್ ಬರುವುದು. ಇಷ್ಟನ್ನೂ ಒಟ್ಟಿಗೆ ಕೇಳಿದ ನರರೋಗ ವೈದ್ಯರಿಗೆ ಮೊದಲು ಹೊಳೆಯುವ ಹೆಸರು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ. ಹದಿವಯಸ್ಸಿನಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆರೋಗ ಅದು. ನಿಮ್ಮ ಡಾಕ್ಟರು ಮಾತ್ರೆ ಬರೆದಿರುವುದು ಈ ಕಥೆಯನ್ನು ಕೇಳಿ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಹಾಗಾದರೆ ಗ್ರಾಫ್ ಯಾಕೆ ಸರಿಯಾಗಿ ಬಂತು? ತಲೆಯ ಮೇಲೆ ನಮಗೆ ಸಿಗುವ ಮೆದುಳಿನ ವಿದ್ಯುತ್ತು ಮೈಕ್ರೊವೋಲ್ಟ್ ಲೆಕ್ಕದ್ದು. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತಾರು ಪಾಲು ಮಾತ್ರ. ಒಳಗೆ ಎದ್ದ ಅಲೆ ತಲೆಬುರುಡೆಯನ್ನೂ ಚರ್ಮವನ್ನೂ ದಾಟಿ ಬರುವಷ್ಟರಲ್ಲಿ ಸೊರಗಿರುತ್ತದೆ. ಮೆದುಳಿನ ಹೊರಪದರದಲ್ಲಿ ಸುಮಾರು 10 ಚದರ ಸೆಂಟಿಮೀಟರ್‌ನಷ್ಟು ಜಾಗ ಒಟ್ಟಿಗೆ ಕೆರಳಿದರೆ ಮಾತ್ರ ಪರದೆಯ ಮೇಲೆ ಮೊನಚಾದ ಗೆರೆ ಕಾಣುತ್ತದೆ. ಅದೂ ನಾವು ರೆಕಾರ್ಡ್ ಮಾಡುವ ಇಪ್ಪತ್ತು, ಮೂವತ್ತು ನಿಮಿಷಗಳೊಳಗೇ ಕೆರಳಬೇಕು. ಮೂರ್ಛೆರೋಗ ಇರುವುದು ಖಚಿತವಾಗಿರುವವರಲ್ಲಿಯೂ ಮೊದಲ ಇಇಜಿಯಲ್ಲಿ ಸುಳಿವು ಸಿಗುವುದು ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಮಾತ್ರ. ಮತ್ತೆ ಮತ್ತೆ ಮಾಡಿ, ನಿದ್ದೆಯನ್ನೂ ಸೇರಿಸಿದರೆ ಆ ಪ್ರಮಾಣ ನೂರಕ್ಕೆ ಎಂಬತ್ತರ ಆಸುಪಾಸಿಗೆ ಏರುತ್ತದೆ. ಮಿಕ್ಕವರ ಗ್ರಾಫ್ ಎಷ್ಟು ಸಲ ತೆಗೆದರೂ ಸರಿಯಾಗಿಯೇ ಇರುತ್ತದೆ, ಫಿಟ್ಸ್ ಮಾತ್ರ ಬರುತ್ತಲೇ ಇರುತ್ತದೆ.

ನಿಮ್ಮ ಮಗಳ ಇಇಜಿಯನ್ನು ಎಷ್ಟು ಹೊತ್ತಿಗೆ ಮಾಡಿದರು ಎಂದು ವರದಿಯಲ್ಲಿ ನೋಡಿದೆ. ಮಧ್ಯಾಹ್ನ ಮೂರು ಗಂಟೆ, ಎಚ್ಚರದಲ್ಲಿ. ಕೈ ಎಗರುವುದು ಬೆಳಿಗ್ಗೆ ಎದ್ದ ಕೂಡಲೇ! ಇನ್ನೊಂದು ಇಇಜಿ ಆಗಲಿ. ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಬಹುದು ಎಂದು ವೈದ್ಯರನ್ನೇ ಕೇಳಿ, ಅಷ್ಟೇ ಮಲಗಿಸಿ, ಬೆಳಿಗ್ಗೆಯ ಸಮಯ ಗೊತ್ತು ಮಾಡಿಕೊಳ್ಳಿ. ನಿದ್ದೆಗೆಟ್ಟ ದಿನ ಅವಳಿಗೆ ಫಿಟ್ಸ್ ಬರಬಹುದಾದ್ದರಿಂದ ಜೊತೆಗೆ ದೊಡ್ಡವರು ಇರಲೇಬೇಕು, ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಪ್ರಯೋಗಾಲಯದಲ್ಲಿ ಅವಳು ಮಲಗಿ ನಿದ್ದೆ ಹೋಗಿ ಎದ್ದೇಳುವವರೆಗೂ ರೆಕಾರ್ಡ್ ಮಾಡಲು ಹೇಳಿ. ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ, ಕಣ್ಣೆದುರು ದೀಪ ಮಿಣುಕಿಸುತ್ತಾರೆ. ಆಗ ಮೆದುಳಿನ ಎರಡೂ ಬದಿಯಲ್ಲಿ ಸೆಕೆಂಡಿಗೆ ನಾಲ್ಕರಿಂದ ಆರರಂತೆ, ಗೊಂಚಲು ಗೊಂಚಲಾಗಿ ಮೊನೆಯಲೆಗಳು ಎದ್ದರೆ ನಮ್ಮ ಊಹೆಗೆ ಬಲ ಬರುತ್ತದೆ. ಏಳದಿದ್ದರೂ ಊಹೆ ಬಿದ್ದುಹೋಗುವುದಿಲ್ಲ. ಗ್ರಾಫ್ "ಚೆನ್ನಾಗಿ" ಬರಲಿ ಎಂದು ಮಾತ್ರೆ ನಿಲ್ಲಿಸಿ ಕರೆದೊಯ್ಯುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇವೆಲ್ಲಕ್ಕಿಂತ ಮೊದಲು, ಬೆಳಗಿನ ಹೊತ್ತು ಅವಳ ಕೈ ಎಗರುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ.

ವೈದ್ಯರನ್ನು ಒಂದು ಮಾತು ಕೇಳಿ, ಬರೆದಿರುವ ಮಾತ್ರೆ ಯಾವುದು ಎಂದು. ಕಾರ್ಬಮಜೆಪಿನ್, ಫೆನಿಟೋಯಿನ್ ಇತರ ಫಿಟ್ಸ್‌ಗಳಿಗೆ ಒಳ್ಳೆಯ ಔಷಧಗಳು, ಆದರೆ ಈ ಬಗೆಯ ಎಗರಾಟವನ್ನು ಹೆಚ್ಚಿಸಬಲ್ಲವು. ವಾಲ್ಪ್ರೊಯೇಟ್ ಈ ಕಾಯಿಲೆಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬಸಿರಿನಲ್ಲಿ ಮಗುವಿಗೆ ಹಾನಿ ಮಾಡುವ ಸಾಧ್ಯತೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸಾಧ್ಯವಾದಷ್ಟೂ ಬೇರೆಯದನ್ನು ನೋಡುತ್ತೇವೆ. ನೀವಾಗಿಯೇ ಮಾತ್ರೆ ಬಿಡಿಸುವುದು ಮಾತ್ರ ಬೇಡ. ನಿಮ್ಮ ನಾದಿನಿಗೆ ಇದನ್ನೂ ಓದಿ ಹೇಳಿ: ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗಕ್ಕೆ ಸಂಬಂಧಿಸಿದ್ದ ಅಡ್ಡಿಯನ್ನು 1999ರಲ್ಲಿಯೇ ತೆಗೆದುಹಾಕಲಾಗಿದೆ. ಮಾತ್ರೆ ತಪ್ಪಿಸದೆ, ನಿದ್ದೆಗೆಡದೆ ಇರುವ ಇಂಥ ಹೆಣ್ಣುಮಕ್ಕಳು ಓದಿ, ಕೆಲಸ ಹಿಡಿದು, ಮದುವೆಯಾಗಿ, ಮಕ್ಕಳನ್ನೂ ಹೆತ್ತು ನನ್ನ ಕೋಣೆಗೆ ಬಂದು ಕೂತಿದ್ದಾರೆ.

ಪ್ರಶ್ನೆ: ನನ್ನ ತಮ್ಮನಿಗೆ ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಮಾತ್ರ ಹೀಗಾಗುತ್ತದೆ. ಚೊಂಬು ಹಿಡಿದು ನೀರು ಸುರಿದುಕೊಳ್ಳುತ್ತಲೇ ಇರುತ್ತಾನೆ, ಕರೆದರೆ ಉತ್ತರವಿಲ್ಲ, ಅರ್ಥವಿಲ್ಲದ ಮಾತಾಡುತ್ತಾನೆ. ಒಮ್ಮೆ ಬಚ್ಚಲಿನಲ್ಲಿ ಬಿದ್ದ. ಇಇಜಿ, ಸ್ಕ್ಯಾನ್ ಎರಡೂ ನಾರ್ಮಲ್. ಊರಿನಲ್ಲಿ ಗಾಳಿ ಸೋಕಿದೆ ಎನ್ನುತ್ತಾರೆ.
– ಮಂಡ್ಯ ಜಿಲ್ಲೆಯ ಓದುಗ

ಗಾಳಿಯೂ ಇಲ್ಲ, ಸೋಕೂ ಇಲ್ಲ. ಇದಕ್ಕೆ ಬಿಸಿನೀರಿನ ಮೂರ್ಛೆ ಎಂದೇ ಹೆಸರು. ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೊಂದು ಜಾಗ ಸಿಕ್ಕಿರುವುದರಲ್ಲಿ ನಮ್ಮ ರಾಜ್ಯದ ವೈದ್ಯರ ಪಾಲು ದೊಡ್ಡದು. ಡಾ. ಕೆ.ಎಸ್. ಮಣಿ ಬೆಂಗಳೂರಿನಲ್ಲಿ ಇಂಥ ರೋಗಿಗಳ ಬಗ್ಗೆ 1960ರ ದಶಕದಲ್ಲಿಯೇ ಬರೆದರು. ಮುಂದೆ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಆಳವಾಗಿ ಅಧ್ಯಯನ ಮಾಡಿದರು. ಮಣಿಯವರ ತಂಡ ಯಳಂದೂರಿನ ಸುತ್ತಮುತ್ತ ಮನೆಮನೆಗೆ ಹೋಗಿ ಮೂರ್ಛೆರೋಗದ ಸಮೀಕ್ಷೆ ನಡೆಸಿದಾಗ ಲಕ್ಷಕ್ಕೆ 255ರಷ್ಟು ಮಂದಿಯಲ್ಲಿ ಬಿಸಿನೀರಿನ ಮೂರ್ಛೆ ಕಂಡಿತ್ತು. ನಿಮ್ಮ ತಮ್ಮ ಒಬ್ಬಂಟಿಯಲ್ಲ.

ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಿಂದ ಒಂದೇ ಸಮನೆ ನೆತ್ತಿಗೆ ಸುರಿದುಕೊಳ್ಳುವ ನಮ್ಮ ಸ್ನಾನದ ರೀತಿಯೇ ಇದನ್ನು ಕೆರಳಿಸುತ್ತದೆ. ಶಾಖ, ನೆತ್ತಿಗೆ ಬೀಳುವ ನೀರಿನ ಹೊಡೆತ, ಎರಡೂ ಸೇರಬೇಕು. ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಹಿತ ಅನಿಸಿ, ಇನ್ನಷ್ಟು ಸುರಿದುಕೊಳ್ಳುತ್ತಾರೆ. ನಿಮ್ಮ ತಮ್ಮ ಚೊಂಬು ಬಿಡದಿರುವುದು ಅದರಿಂದಲೇ ಇರಬಹುದು. ಹಟವೆಂದು ತಿಳಿದು ಬಯ್ಯಬೇಡಿ. ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಇವರಲ್ಲಿ ಬಹುಪಾಲು ಮಂದಿಗೆ ಸರಿಯಾಗಿಯೇ ಇರುತ್ತದೆ. ಇಲ್ಲಿ ರೋಗ ಪತ್ತೆ ಮಾಡಿದ್ದು ನೀವು ಬರೆದ ನಾಲ್ಕು ಸಾಲು.

ತಲೆಗೆ ಉಗುರುಬೆಚ್ಚಗಿನ ನೀರು ಸಾಕು. ಮೈಗೆ ಬೇಕಾದರೆ ಬಿಸಿನೀರು ಇರಲಿ, ತಲೆಯನ್ನು ಬೇರೆಯಾಗಿ, ಬಾಗಿ ನಿಧಾನವಾಗಿ ತೊಳೆಯಲಿ. ಬಚ್ಚಲುಮನೆಯ ಚಿಲಕ ಹಾಕಬಾರದು. ಇಷ್ಟರಲ್ಲಿಯೇ ಎಷ್ಟೋ ಜನರಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಗಂಟೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆ ತೆಗೆದುಕೊಳ್ಳುವ ಕ್ರಮವಿದೆ. ಪ್ರಮಾಣ ವೈದ್ಯರೇ ಹೇಳಬೇಕು. ಕೆಲವರಿಗೆ ವರ್ಷಗಳ ನಂತರ ಸ್ನಾನವಿಲ್ಲದೆಯೂ ಫಿಟ್ಸ್ ಬರುವುದುಂಟು. ಹಾಗಾದರೆ ದಿನವೂ ಮಾತ್ರೆ ಬೇಕಾಗುತ್ತದೆ.

ಪ್ರಶ್ನೆ: ನಾನು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವವಳು. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಜಾಡಿಸಿದರೆ ಕಡಿಮೆಯಾಗುತ್ತದೆ. ನರಕ್ಕೆ ಕರೆಂಟ್ ಕೊಟ್ಟು ನೋಡಬೇಕು ಎಂದಿದ್ದಾರೆ. ಇದ್ದ ಕೈಯೂ ಹೋದರೆ ಹೊಟ್ಟೆಪಾಡಿಗೆ ಏನು ಮಾಡಲಿ?
– ಬಾಗಲಕೋಟೆಯ ಓದುಗಿ

ಅಕ್ಕಾ, ಆ ಕರೆಂಟಿನಿಂದ ಕೈ ಹೋಗುವುದಿಲ್ಲ. ಒಂದೊಂದು ಮಿಡಿತ ಇರುವುದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಹೊತ್ತು ಮಾತ್ರ. ಚುರುಕ್ ಎನ್ನುತ್ತದೆ, ಬೆರಳು ತಾನಾಗಿ ಕುಣಿಯುತ್ತದೆ, ಅಷ್ಟೇ. ಬಸುರಿಯರಿಗೂ ಮಾಡುತ್ತೇವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಮೊದಲೇ ತಿಳಿಸಬೇಕು.

ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ, ಹೆದರಿಕೆ ಕಡಿಮೆಯಾಗುತ್ತದೆ. ಅಂಗೈ ಮೇಲೆ ಮಾಡಿ ನಿಮ್ಮ ಉಂಗುರದ ಬೆರಳನ್ನು ನೋಡಿ. ಸಾಮಾನ್ಯವಾಗಿ ಅದರ ಹೆಬ್ಬೆರಳಿನ ಕಡೆಯ ಅರ್ಧಕ್ಕೆ ಮೀಡಿಯನ್ ನರ, ಕಿರುಬೆರಳಿನ ಕಡೆಯ ಅರ್ಧಕ್ಕೆ ಅಲ್ನಾರ್ ನರ. ಒಂದೇ ಬೆರಳಿಗೆ ಎರಡು ದಾರಿ. ಮೀಡಿಯನ್ ನರ ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗದೊಳಗೆ ಹಾದು ಬರುತ್ತದೆ, ಅಲ್ನಾರ್ ಅದರ ಹೊರಗೆ. ಆ ಬೆರಳಿಗೆ ಎರಡು ಉಂಗುರದಂಥ ತಂತಿ ತೊಡಿಸಿ, ಒಂದೇ ಸಮನಾದ ದೂರದಿಂದ ಒಮ್ಮೆ ಈ ನರಕ್ಕೆ, ಒಮ್ಮೆ ಆ ನರಕ್ಕೆ ಮಿಡಿತ ಕೊಡುತ್ತೇವೆ. ಸಂದೇಶಗಳು ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟಬೇಕು. ಮೀಡಿಯನ್‌ನದು ಅರ್ಧ ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ಆ ಸುರಂಗದಲ್ಲಿ ನರ ಒತ್ತಿಕೊಂಡಿದೆ ಎಂದು ಅರ್ಥ. ಇದನ್ನೇ ಕಾರ್ಪಲ್ ಟನಲ್ ಎನ್ನುವುದು. ನಿಮ್ಮದೇ ಬೆರಳು ನಿಮಗೆ ಸಾಕ್ಷಿ ಹೇಳುವ ಈ ಪರೀಕ್ಷೆ ನನಗೆ ಬಹಳ ಅಚ್ಚುಮೆಚ್ಚು. ವಯಸ್ಸು, ಎತ್ತರ, ಚಳಿ ಯಾವುದರ ನೆಪವೂ ಅದರಲ್ಲಿ ನಡೆಯುವುದಿಲ್ಲ. ಮಿಕ್ಕ ಪರೀಕ್ಷೆಗಳಲ್ಲಿ ತಣ್ಣನೆಯ ಕೈ ನಮ್ಮನ್ನು ದಾರಿ ತಪ್ಪಿಸುತ್ತದೆ. ಚರ್ಮ ತಣ್ಣಗಾದಷ್ಟೂ ನರದ ವೇಗ ಕುಗ್ಗಿ, ಆರೋಗ್ಯವಂತ ನರವೂ ಕಾಯಿಲೆಯದ್ದಂತೆ ಕಾಣುತ್ತದೆ. ಎಸಿ ಕೋಣೆಯಲ್ಲಿ ಕೂರಿಸಿದ್ದರೆ "ಕೈ ಬೆಚ್ಚಗೆ ಮಾಡಿ ನೋಡಿ" ಎಂದು ಕೇಳಲು ಸಂಕೋಚ ಬೇಡ.

ನೀವು ಬರೆದ ಲಕ್ಷಣ, ಅದರಲ್ಲೂ ರಾತ್ರಿ ಎದ್ದು ಕೈ ಜಾಡಿಸುವುದು, ಈ ಕಾಯಿಲೆಯ ಗುರುತು. ಶುರುವಿನಲ್ಲಿ ಕೆಲವರಿಗೆ ಪರೀಕ್ಷೆ ನಾರ್ಮಲ್ ಬರಬಹುದು. ಪರೀಕ್ಷೆಯ ಫಲ ಏನೇ ಇರಲಿ, ರಾತ್ರಿ ಮಣಿಕಟ್ಟು ಬಾಗದಂತೆ ಪಟ್ಟಿ ಕಟ್ಟಿ ಮಲಗಿ. ಸಕ್ಕರೆ ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಹೆಬ್ಬೆರಳ ಬುಡದ ಮಾಂಸ ಇಳಿದಿದೆಯೇ ಎಂದು ಎರಡೂ ಕೈ ಜೋಡಿಸಿ ನೋಡಿಕೊಳ್ಳಿ. ಇಳಿದಿದ್ದರೆ ಮುಂದೂಡಬೇಡಿ, ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ನರದ ಮೇಲಿನ ಒತ್ತಡ ಬಿಡಿಸಬಹುದು. ಗುಣವಾಗುವವರೆಗೆ ಖಾನಾವಳಿಯವರು ನಿಮಗೆ ರೊಟ್ಟಿ ಬಡಿಯುವ ಕೆಲಸ ತಗ್ಗಿಸಿ ಬೇರೆ ಕೆಲಸ ಕೊಡಬೇಕು. ಈ ಉತ್ತರವನ್ನು ಅವರಿಗೆ ತೋರಿಸಿ.

ಪ್ರಶ್ನೆ: ವಯಸ್ಸು 20, ಎಂಜಿನಿಯರಿಂಗ್ ವಿದ್ಯಾರ್ಥಿ. ಒಂದು ವರ್ಷದಿಂದ ಬಲಗೈ ಬೆರಳುಗಳ ನಡುವಿನ ಮಾಂಸ ಕರಗುತ್ತಿದೆ, ಚಳಿಯಲ್ಲಿ ಬೆರಳು ಮಡಚಲಾಗುವುದಿಲ್ಲ. ನೋವಿಲ್ಲ, ಮರಗಟ್ಟುವುದೂ ಇಲ್ಲ. ಇಂಟರ್‌ನೆಟ್‌ನಲ್ಲಿ ಓದಿದರೆ ಎಎಲ್‌ಎಸ್ (ನರಕೋಶಗಳು ಸಾಯುತ್ತ ಮೈಯ ಸ್ನಾಯುಗಳೆಲ್ಲ ಸೋಲುವ ಕಾಯಿಲೆ) ಎಂದು ಬರುತ್ತದೆ. ಅಪ್ಪ ಅಮ್ಮನಿಗೆ ಹೇಳಿಲ್ಲ. ಸೂಜಿ ಚುಚ್ಚುವ ಇಎಂಜಿಗೆ ಬರೆದಿದ್ದಾರೆ.
– ಹೆಸರು ಬೇಡ, ಹಾಸನ

ಮೊದಲು ಮನೆಯಲ್ಲಿ ಹೇಳಿ. ಇದನ್ನು ಒಬ್ಬರೇ ಹೊರಬೇಕಾಗಿಲ್ಲ. ಎರಡನೆಯದಾಗಿ, ನಿಮ್ಮ ವಯಸ್ಸಿನ ಹುಡುಗನಿಗೆ ಒಂದೇ ಕೈಯಲ್ಲಿ ಹೀಗಾದರೆ ಎಎಲ್‌ಎಸ್‌ಗಿಂತ ಎಷ್ಟೋ ಮೊದಲು ನೆನಪಾಗುವ ಕಾಯಿಲೆ ಇನ್ನೊಂದಿದೆ. ಜಪಾನಿನ ಹಿರಾಯಾಮ 1959ರಲ್ಲಿ ಇದನ್ನು ವಿವರಿಸಿದರು. ನಮ್ಮಲ್ಲಿ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ 1984ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದು, ಒಂದೇ ಅಂಗದ ಸ್ನಾಯು ಕರಗುವ ಇದನ್ನು ಮಾನೊಮೆಲಿಕ್ ಅಮಯೋಟ್ರೊಫಿ ಎಂದು ಕರೆದರು. ಹೆಚ್ಚಾಗಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಗಂಡುಮಕ್ಕಳಿಗೆ ಬರುತ್ತದೆ. ಕೆಲವು ವರ್ಷ ಹೆಚ್ಚುತ್ತ ಹೋಗಿ, ಬಹುಪಾಲು ಮಂದಿಯಲ್ಲಿ ತಾನಾಗಿ ನಿಲ್ಲುತ್ತದೆ. ಚಳಿಯಲ್ಲಿ ಬೆರಳು ಸೋಲುವುದು ಅದರ ಬಹಳ ಪರಿಚಿತ ಲಕ್ಷಣ.

ಇಎಂಜಿ ಮಾಡಿಸಿಕೊಳ್ಳಿ. ಕೂದಲಿನಷ್ಟು ಸಣ್ಣ ಸೂಜಿ, ಅದರಿಂದ ಕರೆಂಟ್ ಕೊಡುವುದಿಲ್ಲ, ಸ್ನಾಯುವಿನಲ್ಲಿ ಹುಟ್ಟುವ ವಿದ್ಯುತ್ತನ್ನು ಕೇಳಿಸಿಕೊಳ್ಳುತ್ತೇವೆ, ಅಷ್ಟೇ. ಕೇಳಿಸಿಕೊಳ್ಳುವುದು ಎಂದದ್ದು ನಿಜದ ಅರ್ಥದಲ್ಲಿಯೇ. ಯಂತ್ರಕ್ಕೆ ಸ್ಪೀಕರ್ ಇರುತ್ತದೆ. ಸಡಿಲ ಬಿಟ್ಟ ಆರೋಗ್ಯವಂತ ಸ್ನಾಯು ಮೌನವಾಗಿರುತ್ತದೆ. ನರ ಕಳೆದುಕೊಂಡ ಸ್ನಾಯುವಿನ ಎಳೆಗಳು ತಾವಾಗಿಯೇ ಮಿಡಿಯತೊಡಗಿದಾಗ ಸ್ಪೀಕರ್‌ನಲ್ಲಿ ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಂತೆ ಟಪಟಪ ಕೇಳುತ್ತದೆ. ಆಮೇಲೆ ಸ್ವಲ್ಪ ಬಿಗಿ ಹಿಡಿಯಲು ಹೇಳುತ್ತಾರೆ. ಅಲೆಗಳ ಎತ್ತರ, ಅಗಲ ನೋಡಿ ನರಕೋಶ ಸೋತಿದೆಯೋ, ಸ್ನಾಯುವೇ ಸೋತಿದೆಯೋ ಎಂದು ಬೇರ್ಪಡಿಸುತ್ತಾರೆ.

ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಎಲ್ಲೆಲ್ಲಿ ಚುಚ್ಚುತ್ತಾರೆ ಎನ್ನುವುದು. ಬರೀ ಬಲಗೈ ನೋಡಿ ಕಳಿಸಿದರೆ ನಿಮ್ಮ ಹೆದರಿಕೆಗೆ ಉತ್ತರ ಸಿಗುವುದಿಲ್ಲ. ಎಡಗೈ, ಕಾಲು, ಬೆನ್ನಿನ ಸ್ನಾಯು, ಬೇಕಾದರೆ ನಾಲಿಗೆ, ಇವನ್ನೂ ನೋಡಬೇಕು. ಎಎಲ್‌ಎಸ್ ದೇಹದ ಹಲವು ಭಾಗಗಳಲ್ಲಿ ಗುರುತು ಬಿಡುತ್ತದೆ. ಹಿರಾಯಾಮ ಕಾಯಿಲೆಯ ಗುರುತು ಕುತ್ತಿಗೆಯ ಕೆಳಭಾಗದ ನರಗಳು ಹೋಗುವ ಸ್ನಾಯುಗಳಲ್ಲಿ ಇರುತ್ತದೆ, ಮುಂದೋಳಿನ ಹೆಬ್ಬೆರಳ ಕಡೆ ಉಬ್ಬಿ ಕಾಣುವ ಬ್ರೇಕಿಯೋರೇಡಿಯಾಲಿಸ್ ಸ್ನಾಯು ಚೆನ್ನಾಗಿ ಉಳಿದಿರುತ್ತದೆ. ಎಂಆರ್‌ಐ ಮಾಡಿಸುವಾಗ ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸಿಯೂ ತೆಗೆಯಲು ಬರೆಸಿಕೊಳ್ಳಿ. ನೇರವಾಗಿ ಮಲಗಿಸಿ ತೆಗೆದದ್ದರಲ್ಲಿ ಈ ಕಾಯಿಲೆ ತಪ್ಪಿಹೋಗಬಹುದು. ಅಲ್ಲಿಯವರೆಗೆ ತಲೆ ಬಗ್ಗಿಸಿ ಮೊಬೈಲ್, ಲ್ಯಾಪ್‌ಟಾಪ್ ನೋಡುವುದನ್ನು ಕಡಿಮೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೂಜಿ ಹಾಕುವ ಮೊದಲು ಹೇಳಿ. ವರದಿ ಬಂದ ಮೇಲೆ ನನಗೆ ಬರೆಯಿರಿ.

ಪ್ರಶ್ನೆ: ನಮ್ಮ ಮಾವನವರಿಗೆ ಭೇದಿಯಾಗಿ ಎರಡು ವಾರಕ್ಕೆ ಕಾಲುಗಳ ಶಕ್ತಿ ಹೋಯಿತು, ಮೂರೇ ದಿನದಲ್ಲಿ ಕೈಗೂ ಬಂತು. ನರದ ಪರೀಕ್ಷೆಯಲ್ಲಿ ಹೆಚ್ಚೇನೂ ಇಲ್ಲ ಎಂದರು, ಆದರೂ ಲಕ್ಷಗಟ್ಟಲೆ ಖರ್ಚಿನ ಇಂಜೆಕ್ಷನ್ ಕೊಟ್ಟರು. ಈಗ ನಡೆಯುತ್ತಿದ್ದಾರೆ. ನಮಗೆ ಮೋಸವಾಯಿತೇ?
– ರಾಯಚೂರು

ಇಲ್ಲ. ಮಾವನವರು ಇಂದು ನಡೆಯುತ್ತಿರುವುದರಲ್ಲಿ ಆ ವೈದ್ಯರು ಕಾಯದೆ ಇದ್ದದ್ದರ ಪಾಲಿದೆ. ಇದು ಗಿಲ್ಲಾನ್ ಬಾರೆ ಕಾಯಿಲೆಯ ಚಿತ್ರ, ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಇದರಲ್ಲಿ ನರದ ಪರೀಕ್ಷೆ ಮೊದಲ ವಾರದಲ್ಲಿ ಹೆಚ್ಚುಕಡಿಮೆ ಸರಿಯಾಗಿ ಕಾಣಬಹುದು. ನರದ ಬುಡದವರೆಗೆ ಹೋಗಿ ಮರಳುವ ಎಫ್ ಅಲೆ ಎಂಬುದು ಮಾತ್ರ ಬೇಗ ಕಾಣೆಯಾಗುತ್ತದೆ. ಅದನ್ನು ನೋಡಿರುತ್ತಾರೆ. ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ ಅಥವಾ ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಸಿಕ್ಕಷ್ಟು ಒಳ್ಳೆಯದು. ಗ್ರಾಫ್ ಪೂರ್ತಿ ಕೆಡಲಿ ಎಂದು ಕಾದರೆ ಅಷ್ಟರಲ್ಲಿ ಉಸಿರಾಟದ ಸ್ನಾಯುಗಳೂ ಸೋಲಬಹುದು. ಇದನ್ನು ಓದುತ್ತಿರುವ ಎಲ್ಲರಿಗೂ ಹೇಳುತ್ತೇನೆ. ಕಾಲಿನಿಂದ ಮೇಲಕ್ಕೆ ದಿನದಿಂದ ದಿನಕ್ಕೆ ಶಕ್ತಿ ಹೋಗುತ್ತಿದ್ದರೆ ಪರೀಕ್ಷೆಗೆ ಸರದಿ ಕಾಯಬೇಡಿ, ನೇರ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ. ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ ರಾತ್ರಿಯಾಗಿದ್ದರೂ ಆಗಲೇ ಹೊರಡಿ.

ಪ್ರಶ್ನೆ: ಎಂಟು ವರ್ಷದ ಮಗ ತರಗತಿಯಲ್ಲಿ ಗಮನ ಕೊಡುವುದಿಲ್ಲ. ಇಇಜಿ ತೆಗೆದು ಬ್ರೇನ್ ಮ್ಯಾಪಿಂಗ್ ಮಾಡಿ ಬುದ್ಧಿಶಕ್ತಿ, ಯೋಚನೆ ಎಲ್ಲವನ್ನೂ ಹೇಳುತ್ತೇವೆ ಎನ್ನುವ ಜಾಹೀರಾತು ನೋಡಿದೆವು. ಮಾಡಿಸಬಹುದೇ?
– ಬೆಂಗಳೂರು

ಬೇಡ. ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾದ ಹಾನ್ಸ್ ಬರ್ಗರ್, 1924ರಲ್ಲಿ. ಒಬ್ಬರ ಮನಸ್ಸಿನ ಮಾತು ಇನ್ನೊಬ್ಬರಿಗೆ ಹೇಗೆ ಮುಟ್ಟುತ್ತದೆ ಎಂಬ ಕುತೂಹಲ ಅವರಿಗೆ ಬಹಳ ಇತ್ತು. ಅವರಿಗೆ ಸಿಕ್ಕಿದ್ದು, ಕಣ್ಣು ಮುಚ್ಚಿದಾಗ ಎದ್ದು ಕಣ್ಣು ತೆರೆದಾಗ ಅಡಗುವ, ಸೆಕೆಂಡಿಗೆ ಹತ್ತರ ಆಸುಪಾಸಿನ ಆಲ್ಫಾ ಅಲೆ. ಆ ಅಲೆಯಲ್ಲಿ ಯೋಚನೆ ಬರೆದಿರಲಿಲ್ಲ, ನಮ್ಮ ಆಸ್ಪತ್ರೆಗಳ ಇಇಜಿಯಲ್ಲಿ ಇಂದಿಗೂ ಬರೆದಿರುವುದಿಲ್ಲ. ಆರೋಪಿಗಳ ಮೆದುಳಿನ ಅಲೆ ತೆಗೆದು ಸತ್ಯ ಹುಡುಕುವ ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಕೂಡದು ಎಂದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳ ಹೆಸರಿನಲ್ಲಿ ಇದನ್ನು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಹಣದಲ್ಲಿ ಮಗನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಕಲಿಕೆಯ ತೊಡಕು ಇದೆಯೇ ಎಂದು ಮಕ್ಕಳ ಮನಶ್ಶಾಸ್ತ್ರಜ್ಞರಲ್ಲಿ ತೋರಿಸಿ.

ಆದರೆ ಅವನ ಟೀಚರನ್ನು ಒಂದು ಮಾತು ಕೇಳಿ. ಬರೆಯುತ್ತಿದ್ದವನು ನಡುವೆ ಹತ್ತು ಸೆಕೆಂಡ್ ಕಲ್ಲಿನಂತೆ ನಿಂತು, ರೆಪ್ಪೆ ಪಟಪಟಿಸಿ, ಆಮೇಲೆ ಏನೂ ಆಗದಂತೆ ಬರವಣಿಗೆ ಮುಂದುವರಿಸುತ್ತಾನೆಯೇ? ಹಾಗೆ ದಿನಕ್ಕೆ ಹಲವು ಬಾರಿ ಆಗುತ್ತಿದ್ದರೆ ಅದು ಗಮನದ ಕೊರತೆಯಲ್ಲದೆ ಆಬ್ಸೆನ್ಸ್ ಎಂಬ ಬಗೆಯ ಮೂರ್ಛೆ ಇರಬಹುದು. ಆಗ ಇಇಜಿ ಬೇಕೇ ಬೇಕು. ಮಗುವಿಗೆ ಮೂರು ನಿಮಿಷ ಕಾಗದದ ಗಿರಗಿಟ್ಟಲೆ ಊದಿಸಿದರೆ ಸಾಕು, ಹೆಚ್ಚಿನ ಮಕ್ಕಳಲ್ಲಿ ನಮ್ಮ ಕಣ್ಣೆದುರೇ ಆಬ್ಸೆನ್ಸ್ ಬಂದು, ಸೆಕೆಂಡಿಗೆ ಮೂರರಂತೆ ಮೊನೆ ಮತ್ತು ಅಲೆಯ ಜೋಡಿ ಪರದೆಯ ಈ ತುದಿಯಿಂದ ಆ ತುದಿಗೆ ಹರಿಯುತ್ತದೆ. ಇದಕ್ಕೆ ಒಳ್ಳೆಯ ಮಾತ್ರೆಗಳಿವೆ. ಹಿಂದಿನ ದಿನ ಮಗುವಿನ ತಲೆಗೆ ಶಾಂಪೂ ಹಾಕಿ ತೊಳೆದು, ಎಣ್ಣೆ ಹಚ್ಚದೆ ಕರೆದುಕೊಂಡು ಹೋಗಿ. ಕೂದಲು ತೆಗೆಸಬೇಕಾಗಿಲ್ಲ. ಟೀಚರ್ ನೋಡಿದ್ದನ್ನು ಅವರ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿಕೊಂಡು ಜೊತೆಗೆ ಒಯ್ಯಿರಿ.